ಸೋಮವಾರದ ಹೊಟ್ಟೆನೋವು: ಶಾಲೆಯಲ್ಲಿ ಕಿರುಕುಳಕ್ಕೆ ಸಿಕ್ಕ ಮಗುವಿಗೆ ಆಸ್ಪತ್ರೆಯ ನೆರವು ಪಡೆಯುವುದು ಹೇಗೆ?

ಬೆಳಿಗ್ಗೆ ಏಳೂವರೆಗೆ ಹೊಟ್ಟೆನೋವು. ಸ್ಕೂಲ್ ವ್ಯಾನ್ ಹೋದ ಮೇಲೆ, ಒಂಬತ್ತು ಗಂಟೆಗೆ, ಇನ್ನೊಂದು ದೋಸೆ ಬೇಕು. ಶನಿವಾರ ಮಧ್ಯಾಹ್ನದಿಂದ ಭಾನುವಾರ ಸಂಜೆವರೆಗೆ ಯಾವ ನೋವೂ ಇಲ್ಲ. ಇಂಥ ಮಗುವಿರುವ ಮನೆಯಲ್ಲಿ ಸಾಮಾನ್ಯವಾಗಿ ಎರಡು ಪಕ್ಷ ಇರುತ್ತವೆ. ಒಂದು ಪಕ್ಷ "ಎಲ್ಲಾ ನೆವ, ಎರಡು ಬಿಟ್ಟರೆ ಸರಿಹೋಗುತ್ತೆ" ಅನ್ನುತ್ತದೆ. ಇನ್ನೊಂದು ಪಕ್ಷ ಸ್ಕ್ಯಾನಿಂಗ್ ಸೆಂಟರ್‌ಗೆ ಓಡುತ್ತದೆ. ಶಾಲೆಯಲ್ಲಿ ಏನು ನಡೆಯುತ್ತಿದೆ ಅಂತ ಇಬ್ಬರೂ ಕೇಳುವುದಿಲ್ಲ.

ನೋವು ನಿಜ. ಅದನ್ನು ಮೊದಲು ಒಪ್ಪಿಕೊಳ್ಳಿ. ಹೆದರಿಕೆ ಕರುಳಿನ ಕೆಲಸವನ್ನೇ ಏರುಪೇರು ಮಾಡುತ್ತದೆ, ಮಗು ನಟಿಸುತ್ತಿಲ್ಲ. ಇಟಲಿಯ ಜಿಯಾನ್‌ಲೂಕಾ ಜಿನಿ ಮತ್ತು ತಿಜಿಯಾನಾ ಪೊಝೋಲಿ ಅನೇಕ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿ 2013ರಲ್ಲಿ ಹೇಳಿದ್ದು ಇದು: ಸಹಪಾಠಿಗಳ ಕಿರುಕುಳಕ್ಕೆ ಸಿಕ್ಕ ಮಕ್ಕಳಲ್ಲಿ ತಲೆನೋವು, ಹೊಟ್ಟೆನೋವು, ನಿದ್ದೆಗೇಡಿನಂಥ ತೊಂದರೆಗಳ ಸಾಧ್ಯತೆ ಉಳಿದವರಿಗಿಂತ ಕನಿಷ್ಠ ಎರಡು ಪಟ್ಟು. ಬ್ರಿಟನ್ನಿನಲ್ಲಿ 1958ರ ಒಂದೇ ವಾರದಲ್ಲಿ ಹುಟ್ಟಿದ ಸಾವಿರಾರು ಮಕ್ಕಳನ್ನು ಐವತ್ತು ವರ್ಷ ದಾಟುವವರೆಗೂ ಹಿಂಬಾಲಿಸಿದ ಅಧ್ಯಯನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. 7 ಮತ್ತು 11ನೇ ವಯಸ್ಸಿನಲ್ಲಿ ಪದೇ ಪದೇ ಕಿರುಕುಳ ಅನುಭವಿಸಿದವರು ಬಾಲ್ಯದಲ್ಲಿ ಮಾತ್ರವಲ್ಲ, ನಡುವಯಸ್ಸಿನಲ್ಲೂ ಮಾನಸಿಕ ಆರೋಗ್ಯ ಸೇವೆಗಳ ಬಾಗಿಲು ತಟ್ಟಿದ್ದು ಜಾಸ್ತಿ.

ಅಂದರೆ ಈ ಮಕ್ಕಳು ಆಸ್ಪತ್ರೆಗೆ ಬಂದೇ ಬರುತ್ತಾರೆ. ಬಂದಾಗ ಡಾಕ್ಟರ ಮುಂದೆ ಶಾಲೆಯ ಮಾತು ಬರುತ್ತದಾ ಇಲ್ಲವಾ ಅನ್ನುವುದರ ಮೇಲೆ ಮುಂದಿನದೆಲ್ಲ ನಿಂತಿದೆ.

ಹಂತ 1: ಇದು ಜಗಳವಾ, ಕಿರುಕುಳವಾ?

ಮಕ್ಕಳು ಜಗಳ ಆಡುತ್ತಾರೆ, ಮರುದಿನ ಒಂದೇ ಡಬ್ಬಿಯಲ್ಲಿ ತಿನ್ನುತ್ತಾರೆ. ಅದಕ್ಕೆ ಡಾಕ್ಟರು ಬೇಡ. ನಾರ್ವೆಯಲ್ಲಿ ಈ ವಿಷಯದ ಅಧ್ಯಯನಕ್ಕೆ ಅಡಿಪಾಯ ಹಾಕಿದ ಡಾನ್ ಓಲ್ವಿಯಸ್ ಮೂರು ಗುರುತು ಹೇಳಿದ್ದರು: ಬೇಕೆಂದೇ ನೋಯಿಸುವುದು, ಮತ್ತೆ ಮತ್ತೆ ನೋಯಿಸುವುದು, ಮತ್ತು ನೋಯಿಸುವವನ ಕೈ ಮೇಲಾಗಿರುವುದು. ಕೈ ಮೇಲಾಗುವುದು ಅಂದರೆ ದಪ್ಪ, ಎತ್ತರ ಅಷ್ಟೇ ಅಲ್ಲ. ಗುಂಪು ಕಟ್ಟಿಕೊಂಡಿರಬಹುದು, ಸೀನಿಯರ್ ಆಗಿರಬಹುದು, ಊರಲ್ಲಿ 'ದೊಡ್ಡ ಮನೆಯ' ಮಗ ಆಗಿರಬಹುದು. ನಮ್ಮ ಕಡೆ ಜಾತಿ ಈ ಲೆಕ್ಕದಲ್ಲಿ ಇದ್ದೇ ಇರುತ್ತದೆ. ಬಿಸಿಯೂಟದ ಸಾಲಿನಲ್ಲಿ ಯಾರು ಯಾರ ಪಕ್ಕ ಕೂರುವುದಿಲ್ಲ ಅಂತ ನೋಡಿದರೆ ಸಾಕು, ಗೊತ್ತಾಗುತ್ತದೆ.

ವಾಟ್ಸಾಪ್ ಗ್ರೂಪಿನಿಂದ ಹೊರಗೆ ಹಾಕುವುದು, ಫೋಟೋಗೆ ಮೀಮ್ ಮಾಡಿ ಹಂಚುವುದು ಕೂಡ ಇದೇ ಲೆಕ್ಕಕ್ಕೆ ಸೇರುತ್ತದೆ. ಅದು ಸಂಜೆ ಮನೆಗೆ ಬಂದ ಮೇಲೂ ನಿಲ್ಲುವುದಿಲ್ಲ ಅನ್ನುವುದೇ ಕಷ್ಟ.

ಹಂತ 2: ಎರಡು ವಾರ ಒಂದು ನೋಟ್‌ಬುಕ್ ಇಡಿ

ತುರ್ತು ಏನೂ ಇಲ್ಲದಿದ್ದರೆ, ಡಾಕ್ಟರ ಹತ್ತಿರ ಹೋಗುವ ಮುಂಚೆ ಇದನ್ನು ಮಾಡಿ. ಐದು ನಿಮಿಷದ ಕೆಲಸ. ದಿನಾಂಕ, ನೋವು ಶುರುವಾದ ಹೊತ್ತು, ಎಲ್ಲಿ ನೋವು, ಎಷ್ಟು ಹೊತ್ತು ಇತ್ತು, ಅವತ್ತು ಶಾಲೆ ಇತ್ತಾ, ಇದ್ದರೆ ಯಾವ ಪೀರಿಯಡ್, ನಿದ್ದೆ ಹೇಗಿತ್ತು. ದಸರಾ ರಜೆ ನಡುವೆ ಬಂದರೆ ಒಳ್ಳೆಯದೇ ಆಯಿತು, ರಜೆಯಲ್ಲಿ ನೋವು ಹೋಯಿತಾ ಅಂತ ಬರೆದುಕೊಳ್ಳಿ.

ಇದರ ಜೊತೆಗೆ ಎರಡು ವಿಷಯ ಗಮನಿಸಿ. ಹೆಚ್ಚಿನ ಪೋಷಕರ ಕಣ್ಣಿಗೆ ಇವು ಬೀಳುವುದಿಲ್ಲ.

ಒಂದು, ಶೌಚಾಲಯ. ದೊಡ್ಡವರ ಕಣ್ಣು ಬೀಳದ ಜಾಗ ಅದು, ಹಾಗಾಗಿ ಕಾಟ ಅಲ್ಲೂ ನಡೆಯುತ್ತದೆ. ಹೆದರಿದ ಮಗು ಬೆಳಿಗ್ಗೆಯಿಂದ ಸಂಜೆವರೆಗೆ ಮೂತ್ರ ತಡೆದುಕೊಳ್ಳುತ್ತದೆ. ತಡೆಯುವುದು ಸುಲಭವಾಗಲಿ ಅಂತ ನೀರು ಕುಡಿಯುವುದನ್ನೇ ಬಿಡುತ್ತದೆ. ಬಾಟಲಿ ಹೋದ ಹಾಗೇ ತುಂಬಿ ವಾಪಸ್ ಬರುತ್ತಿದ್ದರೆ, ಮನೆಗೆ ಬಂದ ತಕ್ಷಣ ಬ್ಯಾಗ್ ಎಸೆದು ಬಚ್ಚಲಿಗೆ ಓಡುತ್ತಿದ್ದರೆ, ಅದನ್ನು ಬರೆದಿಡಿ. ಮಲಬದ್ಧತೆ, ಉರಿಮೂತ್ರ, ಮೂತ್ರನಾಳದ ಸೋಂಕು ಮತ್ತೆ ಮತ್ತೆ ಬರಲು ಇದೂ ಒಂದು ಕಾರಣ. ಆಂಟಿಬಯಾಟಿಕ್ ಕೊಟ್ಟರೆ ಸೋಂಕು ವಾಸಿಯಾಗುತ್ತದೆ, ಶೌಚಾಲಯದ ಭಯ ಹಾಗೇ ಉಳಿಯುತ್ತದೆ.

ಎರಡು, ಶಾಲೆಯ ಸಿಕ್ ರೂಮ್. ಅನೇಕ ಖಾಸಗಿ ಶಾಲೆಗಳಲ್ಲಿ ಅಲ್ಲಿ ಒಂದು ರಿಜಿಸ್ಟರ್ ಇರುತ್ತದೆ. ನಿಮ್ಮ ಮಗು ಎಷ್ಟು ಸಲ ಹೋಗಿ ಮಲಗಿತ್ತು, ಯಾವ ಪೀರಿಯಡ್‌ನಲ್ಲಿ ಅಂತ ಕೇಳಿ ತಿಳಿದುಕೊಳ್ಳಿ. ಪ್ರತಿ ಸಲವೂ ಪಿ.ಟಿ. ಪೀರಿಯಡ್‌ಗೆ ಮುಂಚೆಯೇ ತಲೆನೋವು ಬಂದಿದ್ದರೆ, ತಲೆಯ ಎಂಆರ್‌ಐಗಿಂತ ಆ ರಿಜಿಸ್ಟರ್ ಜಾಸ್ತಿ ಹೇಳುತ್ತದೆ.

ಮಗುವನ್ನು ಕೇಳುವಾಗ "ನಿಂಗೆ ಯಾರಾದ್ರೂ ತೊಂದ್ರೆ ಕೊಡ್ತಾರಾ?" ಅಂತ ನೇರ ಕೇಳಿದರೆ "ಇಲ್ಲ" ಅಂತಲೇ ಉತ್ತರ. "ವ್ಯಾನಲ್ಲಿ ನಿನ್ ಪಕ್ಕ ಯಾರು ಕೂರ್ತಾರೆ? ಊಟ ಯಾರ ಜೊತೆ? ಯಾವ ಪೀರಿಯಡ್ ಅಂದ್ರೆ ಬೇಜಾರು?" ಅಂತ ಕೇಳಿ. ಕೇಳುವಾಗ ಮುಖ ನೋಡುತ್ತಾ ಕೂರಬೇಡಿ, ಬಟಾಣಿ ಬಿಡಿಸುತ್ತಲೋ ಗಾಡಿ ಓಡಿಸುತ್ತಲೋ ಕೇಳಿ. ಹೇಳಿಬಿಟ್ಟರೆ, "ನೀನೂ ತಿರುಗಿಸಿ ಹೊಡೀಬೇಕಿತ್ತು" ಅನ್ನಬೇಡಿ. ಮುಂದಿನ ಸಲ ನಿಮಗೆ ಹೇಳುವುದಿಲ್ಲ.

ಹಂತ 3: ಮೊದಲ ಭೇಟಿ ಮಾಮೂಲಿ ಡಾಕ್ಟರ ಹತ್ತಿರವೇ

ನೇರ ಮನೋವೈದ್ಯರ ಹತ್ತಿರ ಹೋಗಬೇಕಿಲ್ಲ. ಮಕ್ಕಳ ಡಾಕ್ಟರು, ಫ್ಯಾಮಿಲಿ ಡಾಕ್ಟರು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ, ಯಾರಾದರೂ ಸರಿ. ಮಗುವನ್ನು ಮೊದಲಿಂದ ನೋಡಿದವರಾದರೆ ಇನ್ನೂ ಒಳ್ಳೆಯದು.

ನಮ್ಮ ಓಪಿಡಿಗಳಲ್ಲಿ ಒಬ್ಬರಿಗೆ ಸಿಗುವುದು ನಾಲ್ಕೈದು ನಿಮಿಷ. ಹಾಗಾಗಿ ಮೊದಲ ವಾಕ್ಯದಲ್ಲೇ ವಿಷಯಕ್ಕೆ ಬನ್ನಿ: "ಡಾಕ್ಟ್ರೇ, ಎರಡು ತಿಂಗಳಿಂದ ಹೊಟ್ಟೆನೋವು. ಶಾಲೆ ಇರುವ ದಿನ ಮಾತ್ರ. ಶಾಲೆಯಲ್ಲಿ ಹುಡುಗರು ಕಾಟ ಕೊಡುತ್ತಿರಬಹುದು ಅಂತ ನಮಗೆ ಅನುಮಾನ. ಇಲ್ಲಿ ಬರೆದುಕೊಂಡು ಬಂದಿದ್ದೀವಿ." ಇಷ್ಟು ಹೇಳಿ ನೋಟ್‌ಬುಕ್ ಮುಂದಿಡಿ. "ಹೊಟ್ಟೆನೋವು" ಅಂತಷ್ಟೇ ಹೇಳಿ ಸುಮ್ಮನಾದರೆ ಹುಳದ ಮಾತ್ರೆ, ಗ್ಯಾಸ್ ಸಿರಪ್ ಬರೆದುಕೊಟ್ಟು ಕಳಿಸುತ್ತಾರೆ. ತಪ್ಪು ಅವರದಲ್ಲ, ನೀವು ಹೇಳಿದ್ದೇ ಅಷ್ಟು.

ಡಾಕ್ಟರು ಮೊದಲು ನಿಜವಾದ ಕಾಯಿಲೆ ಇಲ್ಲ ಅಂತ ಖಚಿತ ಮಾಡಿಕೊಳ್ಳಬೇಕು. ಜಾನ್ ಏಪ್ಲಿ ಎಂಬ ಬ್ರಿಟಿಷ್ ಮಕ್ಕಳ ವೈದ್ಯರು ಒಂದು ಹಳೆಯ ಸೂತ್ರ ಬಿಟ್ಟುಹೋಗಿದ್ದಾರೆ: ನೋವು ಹೊಕ್ಕುಳಿಂದ ದೂರ ಹೋದಷ್ಟೂ ದೇಹದ ಕಾಯಿಲೆಯ ಸಾಧ್ಯತೆ ಹೆಚ್ಚು. ಕೆಳಗಿನವುಗಳಲ್ಲಿ ಒಂದು ಇದ್ದರೂ ಶಾಲೆಯ ವಿಷಯ ಪಕ್ಕಕ್ಕಿಟ್ಟು ಬೇಗ ತೋರಿಸಿ: ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ತೂಕ ಇಳಿಯುವುದು, ಎತ್ತರ ಬೆಳೆಯದಿರುವುದು, ಬಿಡದ ಜ್ವರ, ಮಲದಲ್ಲಿ ರಕ್ತ, ಹಸಿರು ಬಣ್ಣದ ವಾಂತಿ, ಹೊಟ್ಟೆಯ ಬಲಭಾಗದ ಕೆಳಗೆ ಒಂದೇ ಕಡೆ ನೋವು, ಕೀಲು ಊತ. ತಲೆನೋವಾದರೆ, ಬೆಳಗಿನ ಜಾವ ವಾಂತಿ ಜೊತೆ ಬರುವ ನೋವು, ದೃಷ್ಟಿ ಮಂಜಾಗುವುದು, ನಡಿಗೆ ತಪ್ಪುವುದು.

ಇವ್ಯಾವೂ ಇಲ್ಲ, ಪರೀಕ್ಷಿಸಿದಾಗ ಏನೂ ಸಿಗಲಿಲ್ಲ, ಮೂತ್ರ ಮತ್ತು ರಕ್ತ ಪರೀಕ್ಷೆ ಸರಿಯಿದೆ ಅಂದರೆ ಅಲ್ಲಿಗೆ ನಿಲ್ಲಿಸಿ. "ಒಂದ್ಸಲ ಸ್ಕ್ಯಾನ್ ಮಾಡ್ಸಿಬಿಡೋಣ" ಅನ್ನುವ ಆಸೆ ಅರ್ಥವಾಗುತ್ತದೆ. ಆದರೆ ಮಕ್ಕಳ ಹೊಟ್ಟೆ ಸ್ಕ್ಯಾನ್ ಮಾಡಿದರೆ ರಿಪೋರ್ಟಿನಲ್ಲಿ 'ಮೆಸೆಂಟರಿಕ್ ಲಿಂಫ್ ನೋಡ್ಸ್' ಅಂತ ಒಂದು ಸಾಲು ಬರುವುದು ಮಾಮೂಲಿ. ಆರೋಗ್ಯವಾಗಿರುವ ಮಕ್ಕಳಲ್ಲೂ ಈ ಸಣ್ಣ ಗಂಟುಗಳು ಕಾಣುತ್ತವೆ. ಆ ಒಂದು ಸಾಲು ಓದಿದ ಮನೆಯಲ್ಲಿ ಟಿಬಿಯ ಭಯ ಶುರು. ಆಮೇಲೆ ಇನ್ನೊಬ್ಬ ಡಾಕ್ಟರು, ಇನ್ನೊಂದು ಕೋರ್ಸ್ ಆಂಟಿಬಯಾಟಿಕ್. ಅಷ್ಟರಲ್ಲಿ ಮೂರು ತಿಂಗಳು ಕಳೆದಿರುತ್ತದೆ. ಶಾಲೆಯಲ್ಲಿ ಕಾಟ ನಡೆದೇ ಇರುತ್ತದೆ. ನನ್ನ ಪ್ರಕಾರ ಡಾಕ್ಟರನ್ನು ಬದಲಾಯಿಸುತ್ತಾ ಹೋಗುವುದು ಇಂಥ ಮಗುವಿಗೆ ನಾವು ಮಾಡುವ ಅತಿ ದೊಡ್ಡ ಅನ್ಯಾಯ. ಪ್ರತಿ ಹೊಸ ಡಾಕ್ಟರ ಮುಂದೆ ಕಥೆ ಮೊದಲಿಂದ ಶುರುವಾಗುತ್ತದೆ, ಪ್ರತಿ ಸಲ ಶಾಲೆಯ ಮಾತು ಬಿಟ್ಟುಹೋಗುತ್ತದೆ.

ಮಗುವಿಗೆ ಹತ್ತು ವರ್ಷ ದಾಟಿದ್ದರೆ, "ನಾನು ಸ್ವಲ್ಪ ಹೊರಗೆ ಕೂತಿರ್ತೀನಿ, ನೀವು ಅವಳ ಜೊತೆ ಮಾತಾಡಿ" ಅಂತ ನೀವೇ ಹೇಳಿ ಎದ್ದು ಬನ್ನಿ. ಅಪ್ಪ ಅಮ್ಮನ ಮುಂದೆ ಬಾಯಿ ಬಿಡದ ಮಕ್ಕಳು ಡಾಕ್ಟರ ಹತ್ತಿರ ಎರಡು ನಿಮಿಷಕ್ಕೆ ಹೇಳುವುದುಂಟು.

ಇನ್ನು ಮಾತ್ರೆ. ಡೆನ್ಮಾರ್ಕಿನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಕಿರುಕುಳಕ್ಕೆ ಒಳಗಾದ ಹರೆಯದ ಮಕ್ಕಳು ನೋವಿನ, ನಿದ್ದೆಯ ಮಾತ್ರೆಗಳನ್ನು ಉಳಿದವರಿಗಿಂತ ಜಾಸ್ತಿ ನುಂಗುತ್ತಾರೆ ಎಂದು ತೋರಿಸಿತು. ಅಷ್ಟೇ ತಲೆನೋವಿರುವ ಬೇರೆ ಮಕ್ಕಳಿಗೆ ಹೋಲಿಸಿದರೂ ಜಾಸ್ತಿ. ನಮ್ಮಲ್ಲಿ ಡೋಲೋ ಶೀಟು ಫ್ರಿಜ್ ಮೇಲೆ ಬಿದ್ದಿರುತ್ತದೆ. ಎಷ್ಟು ಖಾಲಿಯಾಗುತ್ತಿದೆ ಅಂತ ಕಣ್ಣಿಡಿ. ಮೆಡಿಕಲ್ ಶಾಪಿನಿಂದ ನಿದ್ದೆ ಮಾತ್ರೆಯಂತೂ ಬೇಡವೇ ಬೇಡ.

ಏಟು ಬಿದ್ದಿದ್ದರೆ

ಇಲ್ಲಿ ಎರಡು ವಾರ ಕಾಯುವ ಮಾತೇ ಇಲ್ಲ. ತಲೆಗೆ ಪೆಟ್ಟು ಬಿದ್ದು ವಾಂತಿ, ತೂಕಡಿಕೆ, ಗೊಂದಲ ಇದ್ದರೆ, ಕಿವಿಯಿಂದ ರಕ್ತ ಅಥವಾ ನೀರು ಬಂದರೆ, ನೇರ ತುರ್ತು ಘಟಕಕ್ಕೆ ಹೋಗಿ. 108 ಇದೆ. "ಪೊಲೀಸ್ ಕೇಸ್, ನಾವು ನೋಡಲ್ಲ" ಅಂತ ಯಾವ ಆಸ್ಪತ್ರೆಯೂ ಹೇಳುವ ಹಾಗಿಲ್ಲ. 1989ರಲ್ಲೇ ಪರಮಾನಂದ ಕಟಾರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿದೆ. ಜೀವ ಉಳಿಸುವುದು ಮೊದಲು, ಕಾಗದ ಆಮೇಲೆ.

ಆ ಕಾಗದದಲ್ಲಿ ಏನು ಬರೆಯುತ್ತಾರೆ ಅನ್ನುವುದನ್ನು ನಿಂತು ನೋಡಿ. ಶಾಲೆಯವರು ಜೊತೆಗೆ ಬಂದಿದ್ದರೆ "ಮೆಟ್ಟಿಲಿಂದ ಜಾರಿ ಬಿದ್ದ" ಅಂತ ಅವರೇ ಹೇಳಿಬಿಟ್ಟಿರುತ್ತಾರೆ, ಅದು ಹಾಗೇ ಚೀಟಿಗೆ ಇಳಿದಿರುತ್ತದೆ. ಮಗು ಬೇರೆ ಹೇಳುತ್ತಿದ್ದರೆ, "ಮಗು ಹೇಳಿದ್ದನ್ನೂ ಬರೆಯಿರಿ" ಅಂತ ಕೇಳಿ. ಯಾರೋ ಹೊಡೆದು ಆದ ಗಾಯ ಅಂದರೆ ಡಾಕ್ಟರು ಎಂಎಲ್‌ಸಿ, ಅಂದರೆ ಮೆಡಿಕೋ ಲೀಗಲ್ ಕೇಸ್ ದಾಖಲಿಸುತ್ತಾರೆ. ಹೆದರಬೇಡಿ. ಎಂಎಲ್‌ಸಿ ಆದ ಮಾತ್ರಕ್ಕೆ ನಾಳೆ ಯಾರನ್ನೋ ಬಂಧಿಸುತ್ತಾರೆ ಅಂತಲ್ಲ. ಗಾಯ ಇಂಥ ದಿನ, ಇಂಥ ಕಡೆ, ಹೀಗಿತ್ತು ಅನ್ನುವುದಕ್ಕೆ ಅದು ದಾಖಲೆ. ತಿಂಗಳಾದ ಮೇಲೆ ಶಾಲೆ "ಹಾಗೇನೂ ಆಗೇ ಇಲ್ಲ" ಅಂದಾಗ ಅದೇ ಕೆಲಸಕ್ಕೆ ಬರುತ್ತದೆ. ಗಾಯದ ಫೋಟೋ ಕೂಡ ಅವತ್ತೇ ತೆಗೆದಿಡಿ.

ಬಟ್ಟೆ ಬಿಚ್ಚಿಸುವುದು, ಮುಟ್ಟಬಾರದ ಕಡೆ ಮುಟ್ಟುವುದು, ಅಂಥ ವಿಡಿಯೋ ಮಾಡುವುದು ನಡೆದಿದ್ದರೆ ಅದು 'ಹುಡುಗಾಟ' ಆಗುವುದಿಲ್ಲ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ 2012ರ ಪೋಕ್ಸೋ ಕಾಯ್ದೆ ಅನ್ವಯವಾಗುತ್ತದೆ. ಗಂಡು ಮಗುವಿಗೂ ಅದೇ ಕಾಯ್ದೆ. ವಿಷಯ ಗೊತ್ತಾದ ಡಾಕ್ಟರು, ಶಿಕ್ಷಕರು ಪೊಲೀಸರಿಗೆ ತಿಳಿಸಲೇಬೇಕು, 'ಒಳಗೇ ಮುಗಿಸಿಕೊಳ್ಳೋಣ' ಅನ್ನಲು ಅವಕಾಶ ಇಲ್ಲ. ಹೆಣ್ಣು ಮಗುವನ್ನು ಮಹಿಳಾ ವೈದ್ಯರೇ ಪರೀಕ್ಷಿಸಬೇಕು. ಪರೀಕ್ಷೆಯ ವೇಳೆ ಅಪ್ಪ, ಅಮ್ಮ ಅಥವಾ ಮಗು ನಂಬುವ ಒಬ್ಬರು ಜೊತೆಗಿರಬಹುದು.

ಹಂತ 4: ಮನಸ್ಸಿನ ಡಾಕ್ಟರು ಯಾವಾಗ, ಎಲ್ಲಿ?

ಶಾಲೆಗೆ ಹೋಗುವುದನ್ನೇ ನಿಲ್ಲಿಸಿದರೆ, ಊಟ ನಿದ್ದೆ ಎರಡೂ ಕೆಟ್ಟರೆ, ಬಿಟ್ಟಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾದರೆ, ಇಷ್ಟದ ಕ್ರಿಕೆಟ್ಟೂ ಬೇಡ ಅನ್ನುತ್ತಿದ್ದರೆ, ಕೈ ಕುಯ್ದುಕೊಂಡ ಗುರುತು ಕಂಡರೆ ತಡಮಾಡಬೇಡಿ. "ತಾಯತ ಕಟ್ಟಿಸಿ ನೋಡೋಣ, ಆಮೇಲೆ ಡಾಕ್ಟ್ರು" ಅನ್ನುವವರು ಮನೆಯಲ್ಲಿ ಇದ್ದೇ ಇರುತ್ತಾರೆ. ಜಗಳ ಬೇಡ, ತಾಯತವೂ ಇರಲಿ. ಡಾಕ್ಟರ ಭೇಟಿಯನ್ನು ಮಾತ್ರ ಮುಂದಕ್ಕೆ ಹಾಕಬೇಡಿ.

ಖರ್ಚಿಲ್ಲದೆ ಶುರು ಮಾಡಲು ಸುಲಭ ದಾರಿ 14416. ಇದು ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು ಶುರುವಾದ ಕೇಂದ್ರ ಸರ್ಕಾರದ ಸಹಾಯವಾಣಿ, ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. ಮಗು ಮಾತಾಡಲು ಒಪ್ಪದಿದ್ದರೆ ನೀವೇ ಮಾತಾಡಿ, ಮುಂದೆ ಎಲ್ಲಿಗೆ ಹೋಗಬೇಕು ಅಂತ ಕೇಳಿ.

ತಾಲ್ಲೂಕು ಆಸ್ಪತ್ರೆಗಳಿಗೆ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ಮನೋವೈದ್ಯರು ಬರುತ್ತಾರೆ. ನಿಮ್ಮ ಆಸ್ಪತ್ರೆಗೆ ಯಾವ ಮಂಗಳವಾರ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿಕೊಂಡೇ ಬಸ್ಸು ಹತ್ತಿ. 10ರಿಂದ 19 ವರ್ಷದವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್ ಇದೆ. ಜಿಲ್ಲಾಸ್ಪತ್ರೆ ಮತ್ತು ಮೆಡಿಕಲ್ ಕಾಲೇಜುಗಳಲ್ಲಿ ಮನೋವೈದ್ಯ ವಿಭಾಗ ಇರುತ್ತದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ. ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಬೇರೆ ವಿಭಾಗ ಇದೆ. ಮಗು ತೊದಲುತ್ತದೆ, ಮಾತು ಸ್ಪಷ್ಟ ಇಲ್ಲ ಅಂತ ಸಹಪಾಠಿಗಳು ಗೋಳು ಹೊಯ್ದುಕೊಳ್ಳುತ್ತಿದ್ದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಿ. ಅಲ್ಲಿ ಸಿಗುವ ತರಬೇತಿ ಮಗುವಿನ ಕಲಿಕೆಗೂ ಉಪಯೋಗ. ಆದರೆ ಮಾತು ಸರಿಯಾಗುವವರೆಗೆ ಕಾಟ ಸಹಿಸಿಕೊಂಡಿರು ಅಂತ ಮಗುವಿಗೆ ಹೇಳುವ ಹಾಗಿಲ್ಲ, ಅಲ್ವಾ?

ಒಳಗೆ ಏನು ಮಾಡುತ್ತಾರೆ? ಹೆಚ್ಚಿನ ಮಕ್ಕಳಿಗೆ ಮಾತೇ ಚಿಕಿತ್ಸೆ. ಸಣ್ಣವರಿಗೆ ಆಟ, ಚಿತ್ರ. ದೊಡ್ಡವರಿಗೆ ಹೆದರಿಕೆಯನ್ನು ಗುರುತಿಸುವುದು, ಉಸಿರಾಟ ನಿಭಾಯಿಸುವುದು, ಎದುರಾದಾಗ ಏನು ಹೇಳಬೇಕು ಅಂತ ಅಭ್ಯಾಸ ಮಾಡುವುದು. ಖಿನ್ನತೆ ತೀವ್ರವಾಗಿದ್ದರೆ ಮಾತ್ರೆಯನ್ನೂ ಬರೆಯಬಹುದು. ಒಂದೇ ಸಲಕ್ಕೆ ಫಲ ಕಾಣುವುದಿಲ್ಲ.

"ಮುಂದೆ ಮದುವೆಗೆ, ಕೆಲಸಕ್ಕೆ ತೊಂದರೆ ಆದರೆ?" 2017ರ ಮಾನಸಿಕ ಆರೋಗ್ಯ ಕಾಯ್ದೆ ಚಿಕಿತ್ಸೆಯ ಮಾಹಿತಿಯನ್ನು ಗುಟ್ಟಾಗಿಡುವ ಹಕ್ಕು ಕೊಟ್ಟಿದೆ. ಶಾಲೆ ಫೈಲ್ ಕೇಳಿದರೂ ಕೊಡಬೇಕಿಲ್ಲ. ಅದೇ ಕಾಯ್ದೆಯ ಪ್ರಕಾರ ವಿಮಾ ಕಂಪನಿಗಳು ದೇಹದ ಕಾಯಿಲೆಯಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕು. ಆದರೆ ಬಹುತೇಕ ಪಾಲಿಸಿಗಳು ಓಪಿಡಿ ಖರ್ಚನ್ನು ಕೊಡುವುದಿಲ್ಲ. ಕೌನ್ಸೆಲಿಂಗ್ ನಡೆಯುವುದು ಓಪಿಡಿಯಲ್ಲೇ. ನಿಮ್ಮ ಪಾಲಿಸಿಯಲ್ಲಿ ಏನಿದೆ ಅಂತ ಮೊದಲೇ ಓದಿಕೊಳ್ಳಿ.

"ಸತ್ತುಹೋಗ್ಬೇಕು ಅನ್ಸುತ್ತೆ" ಅಂತ ಮಗು ಅಂದರೆ, ಅಥವಾ ನಿಮಗೆ ಹಾಗೆ ಅನುಮಾನ ಬಂದರೆ, ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕುತ್ತದೆ ಅನ್ನುವುದು ಸುಳ್ಳು. ಒಂಟಿಯಾಗಿ ಬಿಡಬೇಡಿ. ಮನೆಯಲ್ಲಿರುವ ಕೀಟನಾಶಕ, ಮಾತ್ರೆಗಳಿಗೆ ಬೀಗ ಹಾಕಿ, ಇಲ್ಲದಿದ್ದರೆ ಬೇರೆಯವರ ಮನೆಗೆ ಸಾಗಿಸಿ. ಅವತ್ತೇ ಆಸ್ಪತ್ರೆಗೆ ಹೋಗಿ, ಹೋಗುವ ದಾರಿಯಲ್ಲೇ 14416ಕ್ಕೆ ಕರೆ ಮಾಡಿ.

ಹಂತ 5: ಡಾಕ್ಟರ ಚೀಟಿಯನ್ನು ಶಾಲೆಗೆ ಒಯ್ಯಿರಿ

ಪೋಷಕರು ಹೇಳಿದರೆ "ಮಕ್ಕಳಲ್ಲಿ ಇದೆಲ್ಲಾ ಇರೋದೇ" ಅನ್ನುವ ಹೆಡ್‌ಮಾಸ್ಟರು, ಲೆಟರ್‌ಹೆಡ್ ಮೇಲೆ ಬಂದ ಮಾತನ್ನು ಫೈಲಿಗೆ ಹಾಕುತ್ತಾರೆ. ಸರಿಯೋ ತಪ್ಪೋ, ನಮ್ಮ ವ್ಯವಸ್ಥೆ ಇರುವುದು ಹಾಗೆ.

ಒಂದು ಎಚ್ಚರಿಕೆ. ತಿಂಗಳುಗಟ್ಟಲೆ ರಜೆಗೆ ಮೆಡಿಕಲ್ ಸರ್ಟಿಫಿಕೇಟ್ ಕೇಳಬೇಡಿ. ಮನೆಯಲ್ಲಿ ಕೂತಷ್ಟೂ ಶಾಲೆಯ ಹೆದರಿಕೆ ಬೆಳೆಯುತ್ತದೆ, ಪಾಠವೂ ಹಿಂದೆ ಬೀಳುತ್ತದೆ. ಮಗು ಶಾಲೆಯಲ್ಲಿ ಇರಲು ಏನು ಬೇಕು ಅಂತ ಬರೆಸಿಕೊಳ್ಳಿ. ಹೀಗೆ:

"ಈ ವಿದ್ಯಾರ್ಥಿಗೆ ಆತಂಕಕ್ಕೆ ಸಂಬಂಧಿಸಿದ ಹೊಟ್ಟೆನೋವು ಇದೆ. ಶಾಲೆಯಲ್ಲಿ ಸಹಪಾಠಿಗಳಿಂದ ಕಿರುಕುಳವಾಗುತ್ತಿದೆ ಎಂದು ತಿಳಿಸಿದ್ದಾನೆ. ಪೀರಿಯಡ್ ನಡುವೆ ಶೌಚಾಲಯಕ್ಕೆ ಹೋಗಲು ಬಿಡಿ. ಊಟದ ವೇಳೆ ಮತ್ತು ವ್ಯಾನಿನಲ್ಲಿ ಒಬ್ಬ ಶಿಕ್ಷಕರ ಕಣ್ಣಿರಲಿ. ಹೊಟ್ಟೆನೋವು ಬಂದರೆ ಹತ್ತು ನಿಮಿಷ ಸಿಕ್ ರೂಮಿನಲ್ಲಿ ಕೂರಿಸಿ ತರಗತಿಗೆ ಕಳಿಸಿ, ಮನೆಗೆ ಕಳಿಸಬೇಡಿ. ಮೂರು ವಾರದ ನಂತರ ಮತ್ತೆ ನೋಡುತ್ತೇನೆ."

ಪೂರ್ತಿ ಶಾಲೆ ಬಿಟ್ಟಿರುವ ಮಗುವಾದರೆ ಮೊದಲ ಕೆಲವು ದಿನ ಎರಡೇ ಪೀರಿಯಡ್, ಆಮೇಲೆ ಮಧ್ಯಾಹ್ನದವರೆಗೆ, ಹೀಗೆ ಏರಿಸುತ್ತಾ ಹೋಗುವುದಕ್ಕೂ ಡಾಕ್ಟರಿಂದಲೇ ಬರೆಸಿ. ಚೀಟಿಯ ಪ್ರತಿಗೆ ಶಾಲೆಯ ಸೀಲು, ಸಹಿ, ದಿನಾಂಕ ಹಾಕಿಸಿಕೊಳ್ಳಿ.

ಶಾಲೆ ಕದಲದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿ, ಆಮೇಲೆ ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ. ಮಕ್ಕಳ ಸಹಾಯವಾಣಿ 1098 ಯಾವ ಹೊತ್ತಿಗೂ ತೆರೆದಿರುತ್ತದೆ. ಕಾಟ ಕೊಡುವವರು ಶಿಕ್ಷಕರೇ ಆಗಿದ್ದರೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ನೆನಪಿಟ್ಟುಕೊಳ್ಳಿ. ಹೊಡೆಯುವುದನ್ನು ಮಾತ್ರವಲ್ಲ, ಮಾನಸಿಕ ಹಿಂಸೆಯನ್ನೂ ಅದು ನಿಷೇಧಿಸಿದೆ.

ಮೊದಲೇ ಕಾಯಿಲೆ ಇರುವ ಮಗು

ಈ ಮಕ್ಕಳ ಕಥೆ ಉಲ್ಟಾ. ಇವರು ಚಿಕಿತ್ಸೆಯಿಂದಲೇ ದೂರ ಓಡುತ್ತಾರೆ. 'ಸೋಡಾಬುಡ್ಡಿ' ಅನ್ನಿಸಿಕೊಂಡ ಹುಡುಗಿ ಗೇಟಿನ ಹತ್ತಿರ ಕನ್ನಡಕ ತೆಗೆದು ಬ್ಯಾಗಿಗೆ ಹಾಕುತ್ತಾಳೆ, ಬೋರ್ಡ್ ಕಾಣದೆ ಮಾರ್ಕ್ಸ್ ಇಳಿಯುತ್ತದೆ. ಶ್ರವಣ ಯಂತ್ರ ಡ್ರಾಯರ್‌ನಲ್ಲಿ ಉಳಿಯುತ್ತದೆ. ಅಸ್ತಮಾ ಇರುವವನು ಕ್ಲಾಸಿನ ಮುಂದೆ ಇನ್‌ಹೇಲರ್ ಎಳೆಯುವುದಿಲ್ಲ. ಟೈಪ್ 1 ಡಯಾಬಿಟೀಸ್ ಇರುವ ಮಗು ಮಧ್ಯಾಹ್ನದ ಇನ್ಸುಲಿನ್ ತಪ್ಪಿಸುತ್ತದೆ, ಇಲ್ಲವೇ ಕೊಳಕು ಶೌಚಾಲಯದಲ್ಲಿ ಬಾಗಿಲು ಹಾಕಿಕೊಂಡು ಚುಚ್ಚಿಕೊಳ್ಳುತ್ತದೆ. ಚೆನ್ನಾಗಿ ಹಿಡಿತದಲ್ಲಿದ್ದ ಸಕ್ಕರೆ ಹೊಸ ಶಾಲೆಗೆ ಸೇರಿದ ಮೇಲೆ ಏರಿದ್ದರೆ, ಡೋಸ್ ಹೆಚ್ಚಿಸುವ ಮುಂಚೆ ಡಾಕ್ಟರಿಗೆ ಒಂದು ಮಾತು ಹೇಳಿ: "ಶಾಲೆಯಲ್ಲಿ ತಗೊಳ್ತಿದ್ದಾನಾ ಅಂತಲೇ ನಮಗೆ ಅನುಮಾನ."

ಸಮಯ ಬದಲಾಯಿಸಿ ಮನೆಯಲ್ಲೇ ಕೊಡಬಹುದಾದ ಔಷಧ ಇದೆಯಾ ಅಂತ ಕೇಳಿ. ಇಲ್ಲದಿದ್ದರೆ ಸಿಕ್ ರೂಮೋ ಸ್ಟಾಫ್ ರೂಮೋ, ಒಂದು ಬೀಗವಿರುವ ಜಾಗ, ಒಬ್ಬ ಗೊತ್ತಾದ ಶಿಕ್ಷಕಿ ಬೇಕು. ಅದನ್ನೂ ಡಾಕ್ಟರ ಚೀಟಿಯಲ್ಲೇ ಬರೆಸಿ.

ಕಾಟ ಕೊಡುತ್ತಿರುವುದು ನಿಮ್ಮ ಮಗುವೇ ಆದರೆ

ಶಾಲೆಯಿಂದ ಫೋನ್ ಬಂದಾಗ ಯಾವ ಅಪ್ಪ ಅಮ್ಮನಿಗೂ ಮೊದಲು ಬರುವ ಮಾತು, "ನಮ್ಮ ಹುಡುಗ ಹಾಗಲ್ಲ." ಇರಬಹುದು. ಆದರೂ ಡಾಕ್ಟರ ಹತ್ತಿರ ಹೋಗಬೇಕಾದ ಮಕ್ಕಳಲ್ಲಿ ಇವರೂ ಸೇರುತ್ತಾರೆ. ಫಿನ್ಲೆಂಡಿನಲ್ಲಿ 5,000ಕ್ಕೂ ಹೆಚ್ಚು ಮಕ್ಕಳನ್ನು ಎಂಟನೇ ವಯಸ್ಸಿನಿಂದ 29ರವರೆಗೆ ಗಮನಿಸಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಒಂದು ಕಡೆ ಕಾಟ ತಿಂದು ಇನ್ನೊಂದು ಕಡೆ ಕಾಟ ಕೊಡುತ್ತಿದ್ದ ಮಕ್ಕಳಿಗೇ ಮುಂದೆ ಮಾನಸಿಕ ಕಾಯಿಲೆಗಳ ಅಪಾಯ ಅತಿ ಹೆಚ್ಚು ಅಂತ ಅದರಲ್ಲಿ ಕಂಡುಬಂತು.

ಹಾಗಾಗಿ ದಾರಿ ಅದೇ. ಅದೇ ನೋಟ್‌ಬುಕ್, ಅದೇ ಮಾಮೂಲಿ ಡಾಕ್ಟರು, ಬೇಕಾದರೆ ಅದೇ ಮಂಗಳವಾರದ ಕ್ಲಿನಿಕ್. ನಿದ್ದೆ ಹೇಗಿದೆ, ಕಲಿಕೆಯಲ್ಲಿ ಎಲ್ಲಿ ಸಿಕ್ಕಿಹಾಕಿಕೊಂಡಿದ್ದಾನೆ, ಒಂದೇ ಕಡೆ ಕೂರಲು ಆಗದ ಎಡಿಎಚ್‌ಡಿ ಇದೆಯಾ ಅಂತ ನೋಡಿಸಿ. ಇವನನ್ನು ಯಾರು ಹೊಡೆಯುತ್ತಾರೆ ಅಂತಲೂ ಡಾಕ್ಟರು ಕೇಳುತ್ತಾರೆ. ಆ ಉತ್ತರದಲ್ಲಿ ಮನೆಯವರ ಹೆಸರು ಬಂದರೆ, ಮುಂದಿನ ಭೇಟಿಗೆ ಅವರೂ ಬರಬೇಕಾಗುತ್ತದೆ.